ರೇಗನ್ಸ್‌ಬರ್ಗಿನ ಹಿತ್ತಲ ರೇಡಿಯೋ

ಮ್ಯೂನಿಕ್: ಚೀಲದೊಳಗಿನ ಸಾಮಾನು

ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದ ಅಧಿಕಾರಿ ಮೊದಲು ಹೊರಗೆ ತೆಗೆದದ್ದು ಸೋಲ್ಡರಿಂಗ್ ಐರನ್. ಎರಡನೆಯದು ಶೇಂಗಾ ಹೋಳಿಗೆಯ ಡಬ್ಬಿ. ಮೂರನೆಯದು ನನ್ನ ಹಳೇ ಮೀಟರು, ಅದರ ವೈರಿಗೆ ಅಲ್ಲಲ್ಲಿ ಟೇಪು ಸುತ್ತಿತ್ತು. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಇವೆಲ್ಲ ಒಬ್ಬನೇ ಮನುಷ್ಯನ ಚೀಲಕ್ಕೆ ಹೇಗೆ ಬಂದವು ಎಂಬಂತೆ ನನ್ನ ಮುಖ ನೋಡಿದ.

"ರೇಡಿಯೋ ಮೆಕ್ಯಾನಿಕ್" ಎಂದೆ, ಎದೆ ಮುಟ್ಟಿಕೊಂಡು.

ಈ ಎರಡು ಮಾತು ಎಲ್ಲ ದೇಶದಲ್ಲೂ ಒಂದೇ ಎಂದು ಕಾಣುತ್ತದೆ. ಅವನು ತಲೆ ಆಡಿಸಿದ. ಹೋಳಿಗೆಯನ್ನು ಮಾತ್ರ ಎರಡು ಸಲ ಮೂಸಿ ನೋಡಿ ಡಬ್ಬಿ ಮುಚ್ಚಿದ.

ರೋಣದ ಬಸ್ ನಿಲ್ದಾಣದ ಎದುರು ನನ್ನ ಅಂಗಡಿ. ಮೈಕ್ ಸೆಟ್ ಬಾಡಿಗೆ, ರೇಡಿಯೋ ರಿಪೇರಿ. ಆರನೇ ಇಯತ್ತೆಗೆ ಶಾಲೆ ಬಿಟ್ಟು ಕೆಲಸಕ್ಕೆ ಕೂತವನು ಇವತ್ತಿನವರೆಗೆ ಎದ್ದಿಲ್ಲ. ನನ್ನ ಕೈಯಿಂದ ಹೋದ ರೇಡಿಯೋ ಅದೇ ರೋಗ ಹೊತ್ತುಕೊಂಡು ತಿರುಗಿ ಬಂದದ್ದು ಕಡಿಮೆ. ಇದನ್ನು ಜಂಬ ಅನ್ನುವವರು ಅನ್ನಲಿ. ಇಂಥವನು ಜರ್ಮನಿಗೆ ಯಾಕೆ ಹೋದ ಎಂದು ನೀವು ಕೇಳಬಹುದು. ಊರು ನೋಡಲಿಕ್ಕೆ ಹೋದವನಲ್ಲ ನಾನು. ತಂಗಿಯ ಮಗಳು ಶೈಲಾ ಅಲ್ಲಿಯ ರೇಗನ್ಸ್‌ಬರ್ಗಿನಲ್ಲಿ ಚಿಪ್ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಶಾಲೆಯ ಸೂಟಿಯಲ್ಲಿ ನನ್ನ ಅಂಗಡಿಯಲ್ಲಿ ಕೂತು ಬೆಸುಗೆ ಹಾಕಲು ಕಲಿತ ಹುಡುಗಿ. ಅವಳು ಫೋನ್ ಮಾಡಿ, "ಮಾಮಾ, ಒಂದು ಆಂಟೆನಾ ಕೂಡ್ರವಲ್ಲದು. ನೀ ಬಾ" ಅಂದಳು. ಬಂದೆ.

ರೇಗನ್ಸ್‌ಬರ್ಗ್, ಮೊದಲ ದಿನ: ಎಂಟು ಪುಟದ ಕಾಗದ

ಶೈಲಾಳ ಮನೆ ಮೂರನೇ ಮಾಳಿಗೆಯಲ್ಲಿ. ನಾಲ್ಕು ಕಟ್ಟಡಗಳು ಎದುರುಬದುರು ನಿಂತು ನಡುವೆ ಒಂದು ದೊಡ್ಡ ಹಿತ್ತಲನ್ನು ಹಿಡಿದುಕೊಂಡಿವೆ. ಹಿತ್ತಲಲ್ಲಿ ಹುಲ್ಲು, ಎರಡು ಬೆಂಚು, ಸೈಕಲ್ಲುಗಳ ಸಾಲು, ನಾಲ್ಕು ಬಣ್ಣದ ಕಸದ ಡಬ್ಬಿ. ಯಾವ ಕಸ ಯಾವ ಬಣ್ಣದ್ದು ಎಂದು ಶೈಲಾ ಮೊದಲ ತಾಸಿನಲ್ಲೇ ಪಾಠ ಹೇಳಿದಳು. ಬಾಳೆಹಣ್ಣಿನ ಸಿಪ್ಪೆಯನ್ನು ಕಾಗದದ ಡಬ್ಬಿಗೆ ಹಾಕಿ ಆ ಪಾಠದಲ್ಲಿ ಫೇಲಾದೆ. ಎದುರಿನ ಕಿಟಕಿಯಿಂದ ಯಾರೋ ನೋಡುತ್ತಲೇ ಇದ್ದರು. ನಮ್ಮ ಓಣಿಯಲ್ಲೂ ಎಲ್ಲರೂ ಎಲ್ಲವನ್ನೂ ನೋಡುತ್ತಾರೆ, ಆದರೆ ನೋಡಿದ ಕೂಡಲೇ ಮಾತಾಡಿ ಮುಗಿಸುತ್ತಾರೆ. ಇಲ್ಲಿ ನೋಡಿದ್ದನ್ನು ಬರೆದಿಡುತ್ತಾರೆ.

ಆ ಹಿತ್ತಲ ಸುತ್ತಲಿನ ಮನೆಗಳಿಗಾಗಿ ಒಂದು ಪುಟ್ಟ ರೇಡಿಯೋ ನಡೆಸಬೇಕು ಎಂಬುದು ಶೈಲಾಳ ಹವ್ಯಾಸ. ಸಂಜೆ ಒಂದು ತಾಸು. ಯಾರ ಬೆಕ್ಕು ಕಳೆದಿದೆ, ಯಾವ ಲಿಫ್ಟು ಕೆಟ್ಟಿದೆ, ಎರಡು ಹಾಡು, ಒಂದು ಅಡುಗೆ, ಅಲ್ಲಿರುವ ನಾಲ್ಕು ಕನ್ನಡದ ಮನೆಗಳಿಗಾಗಿ ಹತ್ತು ನಿಮಿಷ ಕನ್ನಡ. ಅವಳಿಗೆ ಜೊತೆಯಾದವರು ಕೆಳಗಿನ ಮನೆಯ ಫ್ರಾವ್ ಕೆಲ್ಲರ್. ಫ್ರಾವ್ ಅಂದರೆ ಅಲ್ಲಿ ಶ್ರೀಮತಿ, ಗಂಡಸಿಗಾದರೆ ಹೆರ್. ಎಂಬತ್ತರ ಹತ್ತಿರದ ಹೆಂಗಸು, ದುಡಿಯುವ ಕಾಲವೆಲ್ಲ ರೈಲ್ವೆ ನಿಲ್ದಾಣದಲ್ಲಿ ಗಾಡಿ ಬರುವುದು ಹೋಗುವುದನ್ನು ಮೈಕಿನಲ್ಲಿ ಹೇಳುತ್ತಿದ್ದವರು. ಈಗ ಕಣ್ಣು ಪೂರಾ ಮಂಜು. ಮೆಟ್ಟಿಲ ಬಳಿ ಅಂಟಿಸುವ ಸೂಚನೆಗಳನ್ನು ಓದಲಾಗುವುದಿಲ್ಲ. ಫೋನಿನ ಗಾಜು ಒತ್ತಲಾಗುವುದಿಲ್ಲ. ತಿರುಪು ತಿರುಗಿಸುವ ಹಳೇ ರೇಡಿಯೋ ಒಂದೇ ಅವರ ಕೈಗೆ ಬರುವ ಯಂತ್ರ.

"ಸರ್ಕಾರದ ಪರ್ಮಿಷನ್ ಐತಿ ಮಾಮಾ" ಎಂದು ಶೈಲಾ ಕಾಗದ ತೋರಿಸಿದಳು. "ಸಣ್ಣ ಪವರ್, ನಮ್ಮ ಹಿತ್ತಲ ದಾಟಬಾರದು. ಈ ಶನಿವಾರ ಸಂಜಿ ಆರರ ಒಳಗ ಶುರು ಮಾಡದಿದ್ರ ಅದು ಕ್ಯಾನ್ಸಲ್."

"ಹಂಗಾರ ತಡ ಯಾಕ?"

ಅವಳು ಎಂಟು ಪುಟದ ಇನ್ನೊಂದು ಕಾಗದ ಇಟ್ಟಳು. ಅದಕ್ಕೆ ಹೌಸ್‌ಓರ್ಡ್ನುಂಗ್ ಅನ್ನುತ್ತಾರೆ. ಆ ಕಟ್ಟಡದಲ್ಲಿ ಬಾಡಿಗೆ ಇರುವವರು ಹೇಗೆ ಇರಬೇಕು ಎಂಬ ನಿಯಮ. ಮಾಳಿಗೆಗೆ, ಗೋಡೆಗೆ, ಬಾಲ್ಕನಿಗೆ ಏನನ್ನೂ ಜಡಿಯುವಂತಿಲ್ಲ. ಬಾಲ್ಕನಿಯಲ್ಲಿ ಇಟ್ಟ ಯಾವ ವಸ್ತುವೂ ಅದರ ಅಂಚಿನ ಸರಳಿನ ಕಟಾಂಜನಕ್ಕಿಂತ ಎತ್ತರ ಕಾಣುವಂತಿಲ್ಲ. ಹೂವಿನ ಕುಂಡ ಒಳಮುಖವಾಗಿರಬೇಕು. ಮಧ್ಯಾಹ್ನ ಒಂದರಿಂದ ಮೂರರ ತನಕ ಸಪ್ಪಳ ಮಾಡುವಂತಿಲ್ಲ. ಸರ್ಕಾರ ಹೂಂ ಅಂದದ್ದಕ್ಕೆ ಮನೆ ಊಹೂಂ ಅಂದಿತ್ತು.

ಹಿಂದಿನ ತಿಂಗಳು ಶೈಲಾ ಬಾಲ್ಕನಿಯ ಸರಳಿಗೆ ಒಂದು ಆಂಟೆನಾ ಕಟ್ಟಿದ್ದಳು. ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್, ಹೆರ್ ಮೋಸರ್ ಎಂಬ ಮನುಷ್ಯ, ಅದರ ಫೋಟೋ ತೆಗೆದು ಕಚೇರಿಗೆ ಕಳಿಸಿದ. ಎಚ್ಚರಿಕೆಯ ಪತ್ರ ಬಂತು. ಇನ್ನೊಂದು ಬಂದರೆ ಮನೆ ಬಿಡಿಸಬಹುದು.

"ಇಲ್ಲಿ ಮನಿ ಸಿಗೂದಂದ್ರ ಮದುವಿ ಆಗೂದಕ್ಕಿಂತ ಕಷ್ಟ ಮಾಮಾ. ಈ ಮನಿ ಸಿಗಾಕ ಏಳು ತಿಂಗಳ ಹಿಡೀತು" ಎಂದಳು. "ಬ್ಯಾಡ ಬಿಡು ಅಂತ ಒಮ್ಮೊಮ್ಮೆ ಅನಸ್ತೈತಿ. ಆದ್ರ ಫ್ರಾವ್ ಕೆಲ್ಲರ್‌ಗೆ ಹೆಂಗ ಹೇಳ್ಲಿ? ದಿನಾ ಮುಂಜಾನೆ ಪ್ರಾಕ್ಟೀಸ್ ಮಾಡ್ತಾರ."

"ಮನೀನೂ ಉಳೀಬೇಕು, ರೇಡಿಯೋನೂ ಹತ್ತಬೇಕು. ಅಷ್ಟ ಹೌದಿಲ್ಲೋ?"

"ಅಷ್ಟ."

"ಚಹಾ ಮಾಡು."

ಬುಧವಾರ: ದಾರಿಬದಿಯ ಸ್ಟ್ಯಾಂಡು

ಮರುದಿನ, ಮಂಗಳವಾರವೆಲ್ಲ, ಹಿತ್ತಲ ಬೆಂಚಿನ ಮೇಲೆ ಕೂತು ಎದುರಿನ ಬಾಲ್ಕನಿಗಳನ್ನು ನೋಡಿದೆ. ಎಲ್ಲ ಬಾಲ್ಕನಿಯಲ್ಲೂ ಒಂದೇ ಒಂದು ವಸ್ತು ತಪ್ಪದೆ ಇತ್ತು: ಬಟ್ಟೆ ಒಣಗಿಸುವ ಮಡಚುವ ಸ್ಟ್ಯಾಂಡು. ನಾವು ಮಾಳಿಗೆಯ ತುಂಬ ಹಗ್ಗ ಕಟ್ಟಿ ಧೋತರ ಹಾರಿಸುತ್ತೇವೆ. ಇವರು ಕಾಲುಚೀಲವನ್ನೂ ಸಾಲಾಗಿ, ಜೋಡಿ ಜೋಡಿಯಾಗಿ, ಕಟಾಂಜನದ ಕೆಳಗೆ ಒಣಗಿಸುತ್ತಾರೆ. ಆ ಸ್ಟ್ಯಾಂಡಿನ ಉದ್ದ ಕಣ್ಣಲ್ಲೇ ಅಳೆದೆ. ನಮಗೆ ಬೇಕಾದ ಆಂಟೆನಾಕ್ಕೆ ಎರಡು ತಾಮ್ರದ ಕೈ, ಒಂದೊಂದೂ ಮುಕ್ಕಾಲು ಮೀಟರು. ಸರಿಯಾಗಿ ಕೂಡುತ್ತದೆ.

ಆದರೆ ಶೈಲಾಳ ಸ್ಟ್ಯಾಂಡು ಕಬ್ಬಿಣದ್ದು. ಕಬ್ಬಿಣದ ನಡುವೆ ತಾಮ್ರ ಎಳೆದರೆ ರೇಡಿಯೋ ಕೆಲಸ ಮಾಡುವುದಿಲ್ಲ. ಕಟ್ಟಿಗೆಯದು ಬೇಕಿತ್ತು. ಬುಧವಾರ ಬೆಳಿಗ್ಗೆ ಎರಡು ಬೀದಿ ಆಚೆ ಒಂದು ಮನೆಯ ಗೋಡೆಗೆ ಒರಗಿಸಿದ ಕಟ್ಟಿಗೆಯ ಸ್ಟ್ಯಾಂಡು ಕಣ್ಣಿಗೆ ಬಿತ್ತು. ಅದಕ್ಕೊಂದು ಚೀಟಿ.

"ಯಾರಿಗರ ಬೇಕಿದ್ರ ಒಯ್ರಿ ಅಂತ ಬರದಾರ ಮಾಮಾ. ಇಲ್ಲಿ ಹಂಗ ಇಡ್ತಾರ. ಎತ್ತು."

"ದಾರಿ ಮ್ಯಾಲಿಂದ ಎತ್ತಿಕೊಂಡ ಹೋಗೂ ಮನುಷ್ಯಾ ಅಲ್ಲ ನಾ. ಗಂಟಿ ಒತ್ತು."

"ಚೀಟಿ ಬರದಾರಲ್ಲ ಮಾಮಾ."

"ಚೀಟಿ ನನಗ ಕೊಟ್ಟಾರೇನು?"

ಗಂಟೆ ಒತ್ತಿದಳು. ಗಡ್ಡದ ಒಬ್ಬ ಮನುಷ್ಯ ಬಾಗಿಲು ತೆಗೆದ. ಅವನಿಗೆ ಬೇಡವಾದ ವಸ್ತುವನ್ನು ಒಯ್ಯಲು ನಾನು ಅಪ್ಪಣೆ ಕೇಳುತ್ತಿದ್ದೇನೆ ಎಂಬುದು ಅವನಿಗೆ ತಿಳಿಯಲು ಬಹಳ ಹೊತ್ತು ಹಿಡಿಯಿತು. ಶೈಲಾ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಕೊನೆಗೆ ಅವನು ಕೈ ಕುಲುಕಿ, ಸ್ಟ್ಯಾಂಡು ತಾನೇ ಎತ್ತಿ ನನ್ನ ಹೆಗಲಿಗೆ ಕೊಟ್ಟ. ಹೀಗೆ ಕೊಟ್ಟದ್ದಾದರೆ ಒಯ್ಯಬಹುದು.

ಶುಕ್ರವಾರ: ನಾಲ್ಕು ತುಂಡು

ತಾಮ್ರದ ತಂತಿಯನ್ನು ಸ್ಟ್ಯಾಂಡಿನ ಮೇಲಿನ ಕೋಲಿನ ಕೆಳಬದಿಗೆ ಎಳೆದು, ಬಿಳಿ ದಾರದಿಂದ ಬಿಗಿದು, ನಡುವೆ ಬೆಸುಗೆ ಹಾಕಿದೆ. ಹತ್ತಿರ ನಿಂತು ನೋಡಿದರೂ ಬಟ್ಟೆಯ ಸ್ಟ್ಯಾಂಡೇ. ಒಳಗಿನ ಯಂತ್ರವೆಲ್ಲ ಶೈಲಾಳದು. ಅದು ನನ್ನ ತಲೆಗೆ ಮೀರಿದ್ದು, ಹೇಳಿಬಿಡುತ್ತೇನೆ. ಆದರೆ ಯಂತ್ರದಿಂದ ಹೊರಗೆ ಬಂದ ಮೇಲೆ ದನಿ ನನ್ನ ಇಲಾಖೆ.

ಪರೀಕ್ಷೆಗೆಂದು ಶೈಲಾ ಒಮ್ಮೆ ಹಚ್ಚಿದಾಗ ಆಚೆ ಕಟ್ಟಡದ ಕನ್ನಡದ ಮನೆಯವರು ಫೋನ್ ಮಾಡಿ ನಡುನಡುವೆ ಕರಕರ ಅನ್ನುತ್ತದೆ ಅಂದರು. ಮೈಕ್ ಸೆಟ್ಟಿನವನಿಗೆ ಇದಕ್ಕೆ ಒಂದೇ ಔಷಧ ಗೊತ್ತು, ಎತ್ತರ. ಊರಲ್ಲಿ ಬೇವಿನ ಮರದ ತುದಿಗೆ ಹಾರ್ನ್ ಕಟ್ಟಿ ಕಟ್ಟಿ ಬಂದ ಚಾಳಿ. ಸ್ಟ್ಯಾಂಡಿನ ನಾಲ್ಕು ಕಾಲಿಗೆ ನಾಲ್ಕು ಕಟ್ಟಿಗೆ ತುಂಡು ಜೋಡಿಸಿ ಎತ್ತರಿಸಿದೆ. ಕರಕರ ಅರ್ಧ ಇಳಿಯಿತು. ಕಟಾಂಜನದ ಮಾತು ಶೈಲಾ ನೆನಪು ಮಾಡಿದಳು. "ಕಣ್ಣಿಗೆ ಸಮ ಐತಿ ಬಿಡು" ಎಂದೆ. ಅಳೆಯಲಿಲ್ಲ. ಇಷ್ಟು ವರ್ಷ ಅಳೆದೇ ಬದುಕಿದವನು ಅಂದು ಯಾಕೆ ಅಳೆಯಲಿಲ್ಲವೋ.

ಸಂಜೆ ಫ್ರಾವ್ ಕೆಲ್ಲರ್ ಮೇಲೆ ಬಂದರು. ಅವರಿಗೆ ಒಂದು ಕನ್ನಡದ ಸಾಲು ಬೇಕಾಗಿತ್ತು, ಶುರುವಿನಲ್ಲಿ ಹೇಳಲಿಕ್ಕೆ. ನಾನು ಹೇಳಿಕೊಟ್ಟೆ. ಅವರು ಕಣ್ಣು ಮುಚ್ಚಿ ಮತ್ತೆ ಮತ್ತೆ ಹೇಳಿದರು. ಯಾವ ಗಾಡಿ ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಹೇಳುವಷ್ಟೇ ನಿಖರ. ಹೋಗುವಾಗ, ನಾಳೆ ಪೂಜೆಗೆ ಹೂವು ಬೇಕು ಎಂದು ಶೈಲಾ ಹೇಳಿದ್ದಕ್ಕೆ, ತಮ್ಮ ಕುಂಡಗಳ ಚೆಂಡು ಹೂವನ್ನೆಲ್ಲ ಕೊಯ್ದು ಕಳಿಸಿದರು. ಅವು ನಮ್ಮ ಚೆಂಡು ಹೂವಿಗಿಂತ ಸಣ್ಣವು. ವಾಸನೆ ಮಾತ್ರ ಅದೇ.

ಶನಿವಾರ ಮಧ್ಯಾಹ್ನ: ತೆಂಗಿನಕಾಯಿ

ಹೊಸ ಯಂತ್ರ ಹಚ್ಚುವ ಮೊದಲು ಪೂಜೆ ಮಾಡದೆ ನಾನು ಸ್ವಿಚ್ ಮುಟ್ಟಿದವನಲ್ಲ. ಬೆಳಗಿನ ರಾಹುಕಾಲ ಮುಗಿದ ಮೇಲೆ ಹೊರಟು ಅಂಗಡಿಯಿಂದ ಕಾಯಿ ತಂದು, ಸ್ನಾನ ಮಾಡಿ, ಒಂದೂವರೆಗೆ ಬಾಲ್ಕನಿಗೆ ಹೋದೆ. ಸ್ಟ್ಯಾಂಡಿಗೆ ಅರಿಷಿಣ ಕುಂಕುಮ ಹಚ್ಚಿದೆ. ಹೂಮಾಲೆಯನ್ನು ಆ ತುದಿಯಿಂದ ಈ ತುದಿಗೆ ಕಟ್ಟಿದೆ. ನಾಲ್ಕು ಊದಿನಕಡ್ಡಿ ಹಚ್ಚಿದೆ, ಕಾಲಿನ ಹತ್ತಿರ ಲಿಂಬೆಹಣ್ಣು ಇಟ್ಟೆ. ಆಮೇಲೆ ತೆಂಗಿನಕಾಯಿ ಎತ್ತಿ ನೆಲಕ್ಕೆ ಹೊಡೆದೆ.

ಮೊದಲ ಏಟಿಗೆ ಒಡೆಯಲಿಲ್ಲ. ಎರಡನೆಯದಕ್ಕೂ ಇಲ್ಲ. ಜರ್ಮನಿಯ ಅಂಗಡಿಯ ಕಾಯಿ ಅದು, ಬಹಳ ಗಟ್ಟಿ. ಮೂರನೆಯ ಏಟು ನಾಲ್ಕು ಕಟ್ಟಡಕ್ಕೂ ಕೇಳಿತು. ಕಾಯಿ ಸರಿಯಾಗಿ ಎರಡು ಹೋಳಾಯಿತು. ಶಕುನ ಚೆನ್ನಾಗಿದೆ ಎಂದುಕೊಳ್ಳುವಷ್ಟರಲ್ಲಿ ಒಳಗಿಂದ ಶೈಲಾ ಓಡಿ ಬಂದಳು.

"ಮಾಮಾ, ಟೈಮ್ ಎಷ್ಟು?"

ಆಗ ನೆನಪಾಯಿತು. ಒಂದರಿಂದ ಮೂರು.

ಐದು ನಿಮಿಷಕ್ಕೆ ಬಾಗಿಲ ಗಂಟೆ. ನೀಲಿ ಅಂಗಿ, ಸೊಂಟದಲ್ಲಿ ಕೀಲಿ ಗೊಂಚಲು, ನನ್ನದೇ ವಯಸ್ಸಿನ ಮನುಷ್ಯ. ಹೆರ್ ಮೋಸರ್. ಸಪ್ಪಳದ ದೂರೂ ಬಂದಿದೆ, ಹೊಗೆಯ ದೂರೂ ಬಂದಿದೆ, ಬಾಲ್ಕನಿ ನೋಡಬೇಕು ಎಂದ. ಬೂಟು ಬಿಚ್ಚಿ ಒಳಗೆ ಬಂದದ್ದನ್ನು ನಾನು ಗಮನಿಸಿದೆ. ಬಾಲ್ಕನಿಯಲ್ಲಿ ನಿಂತು ಬಹಳ ಹೊತ್ತು ನೋಡಿದ. ಹೂಮಾಲೆ ಹಾಕಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ಊದಿನಕಡ್ಡಿಯ ಹೊಗೆಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡು ನಿಂತಿತ್ತು. ಯಾರ ಕಣ್ಣಿಗೂ ಬೀಳದ ಹಾಗೆ ಅಷ್ಟು ಜತನದಿಂದ ಮಾಡಿದ್ದನ್ನು ನಾನೇ ಮದುಮಗನ ಹಾಗೆ ಸಿಂಗರಿಸಿ ನಿಲ್ಲಿಸಿದ್ದೆ.

ಮೋಸರ್ ಏನೋ ಕೇಳಿದ. ಶೈಲಾ ಉತ್ತರ ಕೊಟ್ಟು ನನ್ನ ಕಡೆ ತಿರುಗಿದಳು. "ನಮ್ಮ ದೇಶದಾಗ ಬಟ್ಟಿ ಸ್ಟ್ಯಾಂಡಿಗೂ ಪೂಜಾ ಮಾಡ್ತೀವಿ ಅಂತ ಹೇಳೇನಿ ಮಾಮಾ. ನಂಬಾಕತ್ತಾನ. ನೀ ಸುಮ್ನ ನಗು."

ಅವನು ನಂಬುತ್ತಿದ್ದ. ಮುಖದಲ್ಲಿ ಕಾಣುತ್ತಿತ್ತು. ಒಂದು ನಗು ನಕ್ಕರೆ ಮುಗಿಯುತ್ತಿತ್ತು. ನನಗೆ ಆಗಲಿಲ್ಲ. ಊರಲ್ಲಿ ನಾನು ಎಳೆದ ವೈರು ಯಾವುದು ಎಂದು ಯಾರೇ ಕೇಳಲಿ, ಬೆರಳಿಟ್ಟು ತೋರಿಸಿದವನು. ಇಲ್ಲಿ ದಾರದ ಕೆಳಗೆ ಅಡಗಿಸಿದ್ದೇ ಹೆಚ್ಚಾಗಿತ್ತು. ಅದರ ಮೇಲೆ ದೇವರ ಹೂವು ಹಾಕಿ ಸುಳ್ಳು ಬೇರೆ ಹೇಳಬೇಕೇ?

ಬಗ್ಗಿ ದಾರ ಬಿಚ್ಚಿ ತಾಮ್ರ ತೋರಿಸಿದೆ. "ಆಂಟೆನಾ" ಎಂದೆ.

ಶೈಲಾ ನನ್ನ ತೋಳು ಹಿಡಿದಳು. "ಮಾಮಾ, ನನ್ನ ಮನಿ ಹೋಗ್ತೈತಿ" ಎಂದಳು ಮೆಲ್ಲಗೆ. ಆ ಮಾತು ಈಗಲೂ ಕಿವಿಯಲ್ಲಿದೆ.

"ನಾ ಹೇಳಿದ್ದನ್ನಷ್ಟ ಅವಗ ಹೇಳು. ಒಂದಕ್ಷರ ಬಿಡಬ್ಯಾಡ" ಎಂದೆ. "ಗ್ವಾಡಿಗೆ ಒಂದು ಮೊಳಿ ಹೊಡದಿಲ್ಲ. ಸರಳಿಗೆ ಒಂದು ದಾರ ಕಟ್ಟಿಲ್ಲ. ಇದು ನೆಲದ ಮ್ಯಾಲ ನಿಂತೈತಿ, ನಿಮ್ಮ ಉಳಿದ ಸ್ಟ್ಯಾಂಡ್ ನಿಂತಂಗ." ಹೇಳಿ, ಒಂದೇ ಕೈಯಿಂದ ಸ್ಟ್ಯಾಂಡು ಎತ್ತಿ ಒಳಗೆ ಇಟ್ಟೆ. ಮತ್ತೆ ಎತ್ತಿ ಹೊರಗೆ ಇಟ್ಟೆ. "ಕಾಯಿ ಸಪ್ಪಳ ನನ್ನ ತಪ್ಪು. ಆದ್ರ ಈ ಸ್ಟ್ಯಾಂಡಿನಿಂದ ಎಂಟು ಪುಟದಾಗ ಯಾವ ಸಾಲು ಮುರದೇನಿ, ತೋರಿಸು ಅನ್ನು. ತೋರಿಸಿದ್ರ ನಾನ ಕಿತ್ತ ಒಗೀತೀನಿ."

ಮೋಸರ್ ನಿಯಮದ ಕಾಗದ ತರಿಸಿ ನಿಂತಲ್ಲೇ ಓದಿದ. ಎಂಟೂ ಪುಟ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಹತ್ತು ಜನ ಸೇರಿ, ಇಬ್ಬರು ನನ್ನ ಕಡೆ, ಇಬ್ಬರು ಅವನ ಕಡೆ, ಉಳಿದವರು ಚಹಾದ ಕಡೆ ಆಗಿರುತ್ತಿದ್ದರು. ಇಲ್ಲಿ ಪುಟ ತಿರುವುವ ಸಪ್ಪಳ ಒಂದೇ. ಕಾಗದ ಮಡಚಿ, ಜೇಬಿನಿಂದ ಅಳತೆಯ ಟೇಪು ತೆಗೆದ. ಕಟಾಂಜನ ಅಳೆದ. ಸ್ಟ್ಯಾಂಡು ಅಳೆದ. ಮತ್ತೊಮ್ಮೆ ಅಳೆದು ನಾಲ್ಕು ಬೆರಳು ಎತ್ತಿ ತೋರಿಸಿದ. ನಾಲ್ಕು ಸೆಂಟಿಮೀಟರ್ ಎತ್ತರ.

ನಾನು ಜೋಡಿಸಿದ ತುಂಡುಗಳು.

"ಹ್ಯಾಕ್ಸಾ ಕೊಡು" ಎಂದೆ. ಬಗ್ಗಿ ಮೊದಲ ಕಾಲಿಗೆ ಗರಗಸ ಇಟ್ಟೆನೋ ಇಲ್ಲವೋ, ಮೋಸರ್ ನನ್ನ ಮುಂಗೈ ಹಿಡಿದ. ತನ್ನ ಗಡಿಯಾರ ತೋರಿಸಿದ.

"ಮೂರರ ತನಕ ಗರಗಸ ಹಾಕೂಹಂಗಿಲ್ಲಂತ" ಎಂದಳು ಶೈಲಾ. "ಮೂರರ ಮ್ಯಾಲ ತಾನ ಮತ್ತ ಅಳೀತಾನಂತ. ಅಳತಿ ಸರಿ ಬಂದ್ರ ತನ್ನ ತಕರಾರಿಲ್ಲಂತ."

ಶನಿವಾರ, ಮೂರು ಗಂಟೆ

ಅವನು ಹೋಗಿ ಬರುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಬಾಲ್ಕನಿಯ ಕುರ್ಚಿಯಲ್ಲಿ ಕೂತ. ಎದುರು ನಾನು ಕೂತೆ. ಒಂದು ತಾಸು. ಅವನಿಗೆ ನನ್ನ ಮಾತು ಬಾರದು, ನನಗೆ ಅವನದು ಬಾರದು, ಬಂದರೂ ಗಟ್ಟಿಯಾಗಿ ಆಡುವ ಹೊತ್ತಲ್ಲ. ಶೈಲಾ ಕಾಯಿಯ ಹೋಳು, ಹೋಳಿಗೆ ತಂದಿಟ್ಟಳು. ಅವನು ಹೋಳಿಗೆ ಮುರಿದು, ಬಿದ್ದ ಪುಡಿಯನ್ನು ಅಂಗೈಯಲ್ಲಿ ಹಿಡಿದು ತಿಂದ. ಎರಡನೆಯದನ್ನು ತಾನೇ ತೆಗೆದುಕೊಂಡ. ನನ್ನ ಬೆಸುಗೆಯನ್ನು ಬಗ್ಗಿ ನೋಡಿ, ಹೆಬ್ಬೆರಳಿನಿಂದ ಒಮ್ಮೆ ಸವರಿದ. ಕೆಲಸ ಬಲ್ಲವನು ಇನ್ನೊಬ್ಬನ ಕೆಲಸ ಮುಟ್ಟುವ ರೀತಿ ಬೇರೆ ಇರುತ್ತದೆ. ಅದಕ್ಕೆ ಭಾಷೆ ಬೇಡ.

ಹಿತ್ತಲಲ್ಲಿ ಹಕ್ಕಿ ಬಿಟ್ಟರೆ ಏನೂ ಇರಲಿಲ್ಲ. ಎರಡು ತಾಸು ಇಡೀ ಓಣಿ ಬಾಯಿ ಮುಚ್ಚುವುದು ನನ್ನ ದಂಧೆಯವನಿಗೆ ಅಚ್ಚರಿ. ನಾನು ಬದುಕಿದ್ದೇ ಸಪ್ಪಳ ಮಾರಿ. ಆದರೆ ಇಷ್ಟು ಸುಮ್ಮನಿರುವ ಜಾಗದಲ್ಲಿ ಒಂದು ದನಿ ಹುಟ್ಟಿದರೆ ಎಷ್ಟು ದೂರ ಹೋಗಬಹುದು ಎಂಬ ಲೆಕ್ಕ ಅಲ್ಲೇ ತಲೆಗೆ ಬಂತು. ಕರಕರ ಹೋಗಿಸಲು ಎತ್ತರವೇ ಬೇಕೆಂದಿಲ್ಲ. ಸ್ಟ್ಯಾಂಡನ್ನು ಗೋಡೆ ಬಿಟ್ಟು ಮುಂದಕ್ಕೆ, ಮೂಲೆಗೆ ಓರೆ ಇಟ್ಟರೆ ನಾಲ್ಕೂ ಕಟ್ಟಡಕ್ಕೆ ಮುಖ ಕೊಡುತ್ತದೆ. ಇದು ಶುಕ್ರವಾರವೇ ಹೊಳೆಯಬೇಕಿತ್ತು.

ಮೋಸರ್ ಗಡಿಯಾರ ನೋಡಿ ತಲೆ ಆಡಿಸಿದ. ನಾನು ಗರಗಸ ಎತ್ತಿದೆ. ಅವನು ತಾನಾಗಿ ಬಗ್ಗಿ ಸ್ಟ್ಯಾಂಡಿನ ಕಾಲು ಗಟ್ಟಿಯಾಗಿ ಹಿಡಿದುಕೊಂಡ. ನಾಲ್ಕು ತುಂಡೂ ಬಿದ್ದವು. ಟೇಪು ಹಿಡಿದ. ಕಟಾಂಜನಕ್ಕಿಂತ ಒಂದು ಬೆರಳು ಕೆಳಗೆ. ಸ್ಟ್ಯಾಂಡನ್ನು ಮೂಲೆಗೆ ಓರೆ ಇಟ್ಟೆವು. ಆಮೇಲೆ ಅವನು ಹೂಮಾಲೆ ಕಡೆ ಬೆರಳು ತೋರಿಸಿ ಏನೋ ಅಂದ.

"ಅದನ್ನೂ ತೆಗೀಬೇಕಂತೇನು?" ಎಂದೆ.

"ಇಲ್ಲ ಮಾಮಾ. ಹೂವಿಗೆ ನಿಯಮ ಐತಿ, ಒಳಮುಖ ಇರಬೇಕು. ಇದು ಒಳಮುಖನ ಐತಿ ಅಂದ."

ಐದಕ್ಕೆ ಫ್ರಾವ್ ಕೆಲ್ಲರ್ ಬಂದು ಮೈಕಿನ ಮುಂದೆ ಕೂತರು. ಬಿಳಿ ಕಾಲರಿನ ಅಂಗಿ, ಬಾಚಿದ ತಲೆ. ಕಾಣದ ಕೇಳುಗರಿಗಾಗಿ ಇಷ್ಟು ಸಿದ್ಧವಾದವರನ್ನು ನಾನು ಕಂಡಿಲ್ಲ. ಮೋಸರ್ ಕೆಳಗೆ ತನ್ನ ಕೋಣೆಗೆ ಹೋಗಿದ್ದ. ಶೈಲಾ ನನ್ನ ಕಡೆ ನೋಡಿದಳು. ಸ್ವಿಚ್ ನಾನೇ ಒತ್ತಬೇಕಂತೆ. ಒತ್ತಿದೆ.

"ನಮಸ್ಕಾರ್ರೀ, ಇದು ಹಿತ್ತಲ ರೇಡಿಯೋ."

ಎಂಬತ್ತರ ಹತ್ತಿರದ ಜರ್ಮನ್ ಬಾಯಲ್ಲಿ ನಮ್ಮ ರೋಣದ ಮಾತು, ಗಾಡಿ ಬರುವುದನ್ನು ಹೇಳುವ ದನಿಯಲ್ಲಿ. ಆಮೇಲೆ ಅವರ ಭಾಷೆಯಲ್ಲಿ ಸುದ್ದಿ ಶುರುವಾಯಿತು. ನಾನು ಬಾಲ್ಕನಿಗೆ ಬಂದು ಕಿವಿಗೊಟ್ಟೆ. ಎದುರಿನ ಎರಡು ಕಿಟಕಿಯಿಂದ ಅವರ ದನಿ ಬರುತ್ತಿತ್ತು. ಕೆಳಗೆ ಕಸದ ಡಬ್ಬಿಗಳ ಪಕ್ಕದ ಕೋಣೆಯಿಂದಲೂ ಬರುತ್ತಿತ್ತು, ಸಣ್ಣಗೆ, ಕರಕರ ಇಲ್ಲದೆ. ಅದು ಮೋಸರ್‌ನ ಕೋಣೆ.

ಹೊರಡುವ ದಿನ

ಕಂಡದ್ದನ್ನು, ಅಳೆದದ್ದನ್ನು ಮೋಸರ್ ಕಚೇರಿಗೆ ಬರೆದು ಕಳಿಸಿದ್ದ. ಅಲ್ಲಿಂದ ಪತ್ರ ಬರುವ ತನಕ ಶೈಲಾಳಿಗೆ ಊಟ ಸೇರಲಿಲ್ಲ. ನನಗೂ ಅಷ್ಟೇ, ತೋರಿಸಿಕೊಳ್ಳಲಿಲ್ಲ. ನಾನು ಹೊರಡುವ ಹಿಂದಿನ ದಿನ ಪತ್ರ ಬಂತು. ಅವಳು ನಿಂತುಕೊಂಡೇ ಓದಿ, ಕುರ್ಚಿಯಲ್ಲಿ ಕುಸಿದು ನಗಲು ಶುರು ಮಾಡಿದಳು.

"ಏನಂತ?"

"ಹೆರ್ ಮೋಸರ್ ಅಳದು ಬರಕೊಟ್ಟಾರ, ನಿಯಮ ಮುರದಿಲ್ಲ, ಎಚ್ಚರಿಕಿ ಇಲ್ಲ ಅಂತ. ಬಟ್ಟಿ ಒಣಗಸೂ ಸ್ಟ್ಯಾಂಡ್ ಅಂತ ಒಪ್ಪೇವಿ ಅಂತ. ಆದ್ರ ಬಟ್ಟಿ ಸ್ಟ್ಯಾಂಡ್ ಅಂದ ಮ್ಯಾಲ ಅದರ ಮ್ಯಾಲ ಬಟ್ಟಿ ಇರಬೇಕಂತ ಮಾಮಾ."

"ಹಸಿ ಬಟ್ಟಿ ಹಾಕಬ್ಯಾಡ" ಎಂದೆ. "ನೀರು ಕುಡದ ಬಟ್ಟಿ ದನಿ ಕುಡೀತೈತಿ."

"ಅಂದ್ರ ಇಡೀ ಜರ್ಮನಿಯೊಳಗ ಒಣಗಿದ ಬಟ್ಟೀನಷ್ಟ ಹಾಕೂ ಸ್ಟ್ಯಾಂಡ್ ನಂದೊಂದ ಆತು."

ಬೆಳಿಗ್ಗೆ ಚೀಲಕ್ಕೆ ಐರನ್ನು, ಮೀಟರು ಹಾಕಿಕೊಂಡೆ. ಹೋಳಿಗೆಯ ಡಬ್ಬಿ ಕೆಳಗೆ ಮೋಸರ್‌ನ ಕೋಣೆಯಲ್ಲಿ ಕೊಟ್ಟು ಬಂದೆ. ಟ್ಯಾಕ್ಸಿ ಬಂದು ನಿಂತಾಗ ಬಾಲ್ಕನಿಗೆ ಹೋಗಿ, ಹೆಗಲ ಮೇಲಿನ ಟವೆಲ್ ತೆಗೆದು, ಕೊಡವಿ, ತಾಮ್ರದ ಮೇಲೆ ನೀಟಾಗಿ ಹಾಸಿದೆ. ಅಂಗಡಿಗೆ ಹೋಗುವಾಗ ಒಂದು ದಿನವೂ ಬಿಡದ ಟವೆಲ್ ಅದು. ಎರಡೂ ತುದಿ ಸಮ ಇದೆಯೋ ಎಂದು ಈ ಸಲ ಅಳೆದು ನೋಡಿದೆ.